ಬ್ರಿಟನ್ನಿನಲ್ಲಿ ಒಂದೇ ವರ್ಷದ ಮಾಸ್ಟರ್ಸ್: ಹಿಂದೂ ಸೊಸೈಟಿಗೆ ಸೇರುವುದು ಹೇಗೆ, ಅದನ್ನು ನಡೆಸುವುದು ಹೇಗೆ

ನಮ್ಮ ವಿಶ್ವವಿದ್ಯಾಲಯದ ಹಿಂದೂ ಸೊಸೈಟಿಯ, ಅಂದರೆ ಹಬ್ಬ ಪೂಜೆ ನಡೆಸುವ ವಿದ್ಯಾರ್ಥಿ ಸಂಘದ, ಕಮಿಟಿಗೆ ನಿಲ್ಲೋಣ ಎಂದು ನನಗೆ ಅನ್ನಿಸಿದ್ದು ಮಾರ್ಚ್ ತಿಂಗಳಲ್ಲಿ. ಆನ್‌ಲೈನ್ ಫಾರಂ ತುಂಬುತ್ತಾ ಹೋದೆ. ನಾಲ್ಕನೇ ಪ್ರಶ್ನೆ: ಮುಂದಿನ ಶೈಕ್ಷಣಿಕ ವರ್ಷದಲ್ಲಿ ನೀವು ಇಲ್ಲಿ ವಿದ್ಯಾರ್ಥಿಯಾಗಿರುತ್ತೀರಾ? ಇಲ್ಲ ಎಂದು ಟಿಕ್ ಮಾಡಿದೆ. ಫಾರಂ ಅಲ್ಲೇ ಮುಗಿದುಹೋಯಿತು. ಮುಂದಿನ ಪುಟವೇ ತೆರೆಯಲಿಲ್ಲ.

ಆಗ ವಿಷಯ ಗೊತ್ತಾಯಿತು. ಬ್ರಿಟನ್ನಿನ ವಿದ್ಯಾರ್ಥಿ ಸೊಸೈಟಿಗಳೆಲ್ಲ ಮೂರು ವರ್ಷ ಡಿಗ್ರಿ ಓದುವವರ ಲೆಕ್ಕದಲ್ಲಿ ನಡೆಯುತ್ತವೆ. ಮೊದಲ ವರ್ಷ ಸೇರುತ್ತಾರೆ, ಎರಡನೇ ವರ್ಷ ಕಮಿಟಿ, ಮೂರನೇ ವರ್ಷ ಪ್ರೆಸಿಡೆಂಟ್. ನಮ್ಮ ಕಡೆಯಿಂದ ಹೋಗುವವರಲ್ಲಿ ತುಂಬಾ ಜನ ಒಂದು ವರ್ಷದ ಮಾಸ್ಟರ್ಸ್‌ಗೆ ಹೋಗುವವರು. ಸೆಪ್ಟೆಂಬರ್‌ನಲ್ಲಿ ಇಳಿದು, ಚಳಿಗೆ ಒಗ್ಗಿ, ಮನೆ ಹುಡುಕಿ, ಪಾರ್ಟ್‌ಟೈಮ್ ಕೆಲಸ ಹುಡುಕಿ, ಉಸಿರು ಬಿಡುವಷ್ಟರಲ್ಲಿ ಯುಗಾದಿ ಬಂದಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಏನೇ ಮಾಡುವುದಿದ್ದರೂ ಮೊದಲ ನಾಲ್ಕು ವಾರದಲ್ಲಿ ಮಾಡಿ. ನಾನು ಹೇಳುವುದೆಲ್ಲ ಇಂಗ್ಲೆಂಡಿನ ಲೆಕ್ಕ. ಅಮೆರಿಕದ ವಿಷಯ ನಡುವೆ ಎರಡು ಮಾತು ಬರುತ್ತದೆ, ಅಷ್ಟೇ.

ವಿಮಾನ ಹತ್ತುವ ಮೊದಲು: ಯಾವ ಸೊಸೈಟಿ ಯಾರದು?

ಅಲ್ಲಿ ಪ್ರತಿ ವಿಶ್ವವಿದ್ಯಾಲಯಕ್ಕೂ ಒಂದು ಸ್ಟೂಡೆಂಟ್ಸ್ ಯೂನಿಯನ್ ಇರುತ್ತದೆ. ನಮ್ಮ ಕಾಲೇಜುಗಳ ಯೂನಿಯನ್ ತರಹ ಅಲ್ಲ. ಅದಕ್ಕೆ ಸ್ವಂತ ಕಚೇರಿ, ಸಂಬಳದ ಸಿಬ್ಬಂದಿ, ಬ್ಯಾಂಕ್ ಖಾತೆ, ಕೆಲವು ಕಡೆ ಸ್ವಂತ ಬಾರ್ ಕೂಡ ಇರುತ್ತದೆ. ಸೊಸೈಟಿಗಳು ಈ ಯೂನಿಯನ್ನಿನ ಕೆಳಗೆ ಬರುತ್ತವೆ. ಹಾಗಾಗಿ ಮೊದಲು ನೋಡಬೇಕಾದ್ದು ಇನ್‌ಸ್ಟಾಗ್ರಾಂ ಅಲ್ಲ, ಯೂನಿಯನ್ ವೆಬ್‌ಸೈಟಿನ ಸೊಸೈಟಿ ಪಟ್ಟಿ.

ಅಲ್ಲಿ ನಿಮಗೆ ಒಂದಲ್ಲ, ಮೂರ್ನಾಲ್ಕು ಹೆಸರು ಕಾಣಬಹುದು. ಹಿಂದೂ ಸೊಸೈಟಿ ಒಂದು. ಕೃಷ್ಣ ಕಾನ್ಷಿಯಸ್‌ನೆಸ್ ಸೊಸೈಟಿ ಇನ್ನೊಂದು, ಅದು ಇಸ್ಕಾನ್ ಕಡೆಯದು. ಕೀರ್ತನೆ, ಗೀತೆಯ ಪಾಠ, ಜೊತೆಗೆ ಒಳ್ಳೆ ಊಟ. ಇಂಡಿಯನ್ ಸೊಸೈಟಿ ಬೇರೆ, ಅಲ್ಲಿ ದೇವರಿಗಿಂತ ಬಾಲಿವುಡ್ ನೈಟ್ ಜಾಸ್ತಿ. ತಮಿಳು ಸೊಸೈಟಿ ಎಷ್ಟೋ ಕಡೆ ಇದೆ, ಶ್ರೀಲಂಕಾದ ತಮಿಳರ ಮಕ್ಕಳೂ ಅದರಲ್ಲಿ ಇರುತ್ತಾರೆ. ಕನ್ನಡದ್ದು ಹುಡುಕಬೇಡಿ, ಸಿಕ್ಕರೆ ನಿಮ್ಮ ಪುಣ್ಯ.

ಹಿಂದೂ ಸೊಸೈಟಿಗಳಲ್ಲಿ ಹಲವು ನ್ಯಾಷನಲ್ ಹಿಂದೂ ಸ್ಟೂಡೆಂಟ್ಸ್ ಫೋರಂ ಎಂಬ ಒಕ್ಕೂಟದ ಶಾಖೆಗಳು. 1991ರಲ್ಲಿ ಶುರುವಾದ ಒಕ್ಕೂಟ ಇದು. ಶಾಖೆಯಾದರೆ ಬೇರೆ ವಿಶ್ವವಿದ್ಯಾಲಯಗಳ ಜೊತೆ ಪಂದ್ಯ, ಸಮ್ಮೇಳನ, ಸೇವಾ ಕಾರ್ಯಕ್ರಮ ಎಲ್ಲ ಸಿಗುತ್ತದೆ. ಯಾವ ಒಕ್ಕೂಟಕ್ಕೂ ಸೇರದ ಸೊಸೈಟಿಗಳೂ ಇವೆ. ಅಮೆರಿಕದಲ್ಲಂತೂ ಇದು ಇನ್ನೂ ಗೋಜಲು. ಅಲ್ಲಿ ಹಿಂದೂ ಸ್ಟೂಡೆಂಟ್ಸ್ ಕೌನ್ಸಿಲ್ 1990ರಲ್ಲಿ ವಿಶ್ವ ಹಿಂದೂ ಪರಿಷತ್ತಿನ ಅಮೆರಿಕ ಘಟಕದ ಆಸರೆಯಲ್ಲಿ ಶುರುವಾಗಿ, ಆಮೇಲೆ ಬೇರೆ ಸಂಸ್ಥೆಯಾಯಿತು. ಹಿಂದೂ ಯುವ ಎನ್ನುವುದು ಹಿಂದೂ ಸ್ವಯಂಸೇವಕ ಸಂಘದ ಕಾರ್ಯಕ್ರಮ. ಇವು ಎರಡಕ್ಕೂ ಸೇರದೆ ಸುಮ್ನೆ ತಮ್ಮ ಪಾಡಿಗೆ ಪೂಜೆ ಮಾಡಿಕೊಂಡಿರುವ ಗುಂಪುಗಳೂ ಇವೆ. ಇವುಗಳಲ್ಲಿ ಯಾವುದು ಸರಿ ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಸೇರುವ ಮೊದಲು "ನಿಮ್ಮದು ಯಾವ ಸಂಸ್ಥೆಗೆ ಸೇರಿದ್ದು?" ಎಂದು ನೇರವಾಗಿ ಕೇಳಿ. ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟರೆ ಒಳ್ಳೆ ಲಕ್ಷಣ. ಮಾತು ಹಾರಿಸಿದರೆ ಎರಡನೇ ಸಲ ಕೇಳಿ.

ಫ್ರೆಷರ್ಸ್ ಫೇರ್

ಸೆಪ್ಟೆಂಬರ್ ಕೊನೆಯಲ್ಲಿ ಒಂದು ದೊಡ್ಡ ಹಾಲ್‌ನಲ್ಲಿ ಎಲ್ಲ ಸೊಸೈಟಿಗಳೂ ಟೇಬಲ್ ಹಾಕಿಕೊಂಡು ಕೂರುತ್ತವೆ. ನಮ್ಮ ಊರಿನ ಜಾತ್ರೆ ನೆನಪಿಸಿಕೊಳ್ಳಿ, ಬೆಂಡು ಬತ್ತಾಸಿನ ಬದಲು ಪೆನ್ನು, ಸ್ಟಿಕ್ಕರ್, ಪಿಜ್ಜಾ ಕೂಪನ್. ಹಿಂದೂ ಸೊಸೈಟಿ ಟೇಬಲ್ ಹುಡುಕಿ. ಅಲ್ಲೇ ದುಡ್ಡು ಕೊಡಬೇಕಿಲ್ಲ. ಮೊದಲ ಒಂದೆರಡು ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಯಾರು ಬೇಕಾದರೂ ಹೋಗಬಹುದು. ಹಿಡಿಸಿದರೆ ಯೂನಿಯನ್ ವೆಬ್‌ಸೈಟಿನಲ್ಲಿ ಸದಸ್ಯತ್ವ ಕೊಳ್ಳಿ, ಕೆಲವೇ ಪೌಂಡ್ ಆಗುತ್ತದೆ. ವಾಟ್ಸಾಪ್ ಗ್ರೂಪಿನಲ್ಲಿ ಇದ್ದ ಮಾತ್ರಕ್ಕೆ ಸದಸ್ಯರಾಗುವುದಿಲ್ಲ. ಓಟು ಹಾಕಲು, ಚುನಾವಣೆಗೆ ನಿಲ್ಲಲು ಈ ಅಧಿಕೃತ ಸದಸ್ಯತ್ವ ಬೇಕೇ ಬೇಕು.

ಟೇಬಲ್ ಹತ್ತಿರ ಹೋದಾಗ ಎರಡೇ ಪ್ರಶ್ನೆ ಕೇಳಿ. ಒಂದು, ಪೋಸ್ಟ್‌ಗ್ರಾಜುಯೇಟ್ ಪ್ರತಿನಿಧಿ ಎಂಬ ಸ್ಥಾನ ಇದೆಯಾ, ಖಾಲಿ ಇದೆಯಾ. ಎರಡು, ಅದರ ಚುನಾವಣೆ ಯಾವಾಗ. ಈ ಎರಡು ಪ್ರಶ್ನೆಯನ್ನು ನಾನು ಕೇಳಲಿಲ್ಲ.

ಮೊದಲ ಗರ್ಬಾ

ಒಳಗೆ ಹೋದ ಮೇಲೆ ಆಗುವ ಮೊದಲ ಆಶ್ಚರ್ಯ ಇದು: ಅಲ್ಲಿ ಎಲ್ಲರೂ ಗುಜರಾತಿಗಳು. ಎಲ್ಲರೂ ಅಂದರೆ ಎಲ್ಲರೂ ಅಲ್ಲ, ಆದರೆ ಹಾಗೆ ಅನ್ನಿಸುತ್ತದೆ. ಇದಕ್ಕೆ ಇತಿಹಾಸವಿದೆ. 1972ರಲ್ಲಿ ಉಗಾಂಡಾದ ಇದಿ ಅಮೀನ್ ಏಷ್ಯಾದವರಿಗೆಲ್ಲ 90 ದಿನದಲ್ಲಿ ದೇಶ ಬಿಡಿ ಎಂದ. ಆಗ ಸುಮಾರು 27 ಸಾವಿರ ಜನ ಬ್ರಿಟನ್ನಿಗೆ ಬಂದರು, ಅವರಲ್ಲಿ ಗುಜರಾತಿ ಮೂಲದವರು ಬಹಳ. ಲೆಸ್ಟರ್, ಲಂಡನ್ನಿನ ಹ್ಯಾರೋ, ವೆಂಬ್ಲಿಯ ಕಡೆ ನೆಲೆ ಕಂಡರು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಹಿಂದೂಗಳು ಹತ್ತು ಲಕ್ಷ ದಾಟಿದ್ದಾರೆ, ಅಂದರೆ ಶೇಕಡಾ 1.7. ಸೊಸೈಟಿಯಲ್ಲಿ ನಿಮಗೆ ಸಿಗುವವರು ಆ ಕುಟುಂಬಗಳ ಮೊಮ್ಮಕ್ಕಳು. ಅವರ ಇಂಗ್ಲಿಷ್ ಲೆಸ್ಟರ್‌ದು, ಅಡುಗೆ ಕಾಠಿಯಾವಾಡದ್ದು, ಅಜ್ಜಿಯ ಕಥೆ ಕಂಪಾಲಾದ್ದು. ಅವರಿಗೆ ಬೆಂಗಳೂರು ಅಂದರೆ ಐಟಿ, ದಕ್ಷಿಣ ಭಾರತ ಅಂದರೆ ದೋಸೆ. ಕೋಪ ಮಾಡಿಕೊಳ್ಳಬೇಡಿ. ಕಂಪಾಲಾದ ಬಗ್ಗೆ ನಿಮಗೆಷ್ಟು ಗೊತ್ತಿತ್ತು?

ನವರಾತ್ರಿಯ ಗರ್ಬಾಕ್ಕೆ ಹೋಗಿ, ಕುಣಿಯಲು ಬರದಿದ್ದರೂ ಹೋಗಿ. ದಾಂಡಿಯಾ ಶುರುವಾದಾಗ ನನಗೆ ಧೈರ್ಯ ಬಂತು, ಯಾಕೆಂದರೆ ಅದು ನಮ್ಮ ಕೋಲಾಟದ ಅಣ್ಣನೋ ತಮ್ಮನೋ. ಪ್ರೈಮರಿ ಶಾಲೆಯ ವಾರ್ಷಿಕೋತ್ಸವದಲ್ಲಿ ಹೊಡೆದ ಕೋಲು ಕೈಯಲ್ಲಿ ಉಳಿದಿತ್ತು. ಸಾಲಿನಲ್ಲಿ ಎದುರಿಗೆ ಬಂದ ಹುಡುಗಿ ಕೇಳಿದಳು: "ನೀನು ಗುಜರಾತಿ ಅಲ್ಲ ಅಂದೆಯಲ್ಲ?" ಅಲ್ಲ, ಹಾಸನ ಅಂದೆ. ಹಾಸನ ಅಂದರೆ ಅವಳಿಗೆ ಏನೂ ತಿಳಿಯಲಿಲ್ಲ. ಕೋಲು ಮಾತ್ರ ತಾಳಕ್ಕೆ ಸರಿಯಾಗಿ ಬಿತ್ತು.

ಒಳಗೆ ಹೋಗಲು ಇನ್ನೊಂದು ಬಾಗಿಲಿದೆ, ಅದು ಖೋ ಖೋ. ತಮಾಷೆಯಲ್ಲ. ನ್ಯಾಷನಲ್ ಹಿಂದೂ ಸ್ಟೂಡೆಂಟ್ಸ್ ಫೋರಂ ವಿಶ್ವವಿದ್ಯಾಲಯಗಳ ನಡುವೆ ಕಬಡ್ಡಿ ಮತ್ತು ಖೋ ಖೋ ಪಂದ್ಯ ನಡೆಸುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ಗೆ ಇಂಗ್ಲೆಂಡ್ ತಂಡವೂ ಬಂದಿತ್ತು. ಸರ್ಕಾರಿ ಶಾಲೆಯ ಮಣ್ಣಿನಲ್ಲಿ ಖೋ ಕೊಟ್ಟು ಬೆಳೆದವರು ಅಲ್ಲಿನ ಮರದ ನೆಲದ ಒಳಾಂಗಣದಲ್ಲಿ ಒಂದು ಸಲ ಕಂಬ ಸುತ್ತಿ ತೋರಿಸಿದರೆ ಸಾಕು, ಪರಿಚಯ ಮಾಡಿಕೊಳ್ಳುವ ಗೋಳೇ ಇಲ್ಲ. ಡೈವ್ ಹೊಡೆಯಲು ಹೋಗಬೇಡಿ, ಮರದ ನೆಲದಲ್ಲಿ ಮೊಣಕಾಲು ಸುಟ್ಟುಹೋಗುತ್ತದೆ.

ಜಾತಿಯ ಪ್ರಶ್ನೆ ಬರುತ್ತದಾ? ಅಲ್ಲಿ ಹುಟ್ಟಿದವರು ಬಹುಮಟ್ಟಿಗೆ ಕೇಳುವುದಿಲ್ಲ. ಕೇಳುವವರು ನಮ್ಮವರೇ. "ಯಾವ ಪೈಕಿ?" ಎಂದು ಮೊದಲ ಭೇಟಿಯಲ್ಲೇ ಶುರು. ಉತ್ತರ ಕೊಡಲೇಬೇಕೆಂದಿಲ್ಲ. "ಹಾಸನದ ಪೈಕಿ" ಅಂದರೆ ಸಾಕು.

ಕಮಿಟಿಗೆ ಬರುವ ದಾರಿ

ಮುಖ್ಯ ಚುನಾವಣೆ ಫೆಬ್ರವರಿ, ಮಾರ್ಚ್‌ನ ವಾರ್ಷಿಕ ಸಭೆಯಲ್ಲಿ ನಡೆಯುತ್ತದೆ, ಮುಂದಿನ ವರ್ಷಕ್ಕಾಗಿ. ಒಂದು ವರ್ಷದವರಿಗೆ ಅದು ದಕ್ಕುವುದಿಲ್ಲ. ಆದರೆ ಎಷ್ಟೋ ಸೊಸೈಟಿಗಳು ಅಕ್ಟೋಬರ್‌ನಲ್ಲಿ ಒಂದು ಚಿಕ್ಕ ಉಪಚುನಾವಣೆ ಮಾಡುತ್ತವೆ. ಫ್ರೆಷರ್ ಪ್ರತಿನಿಧಿ, ಪೋಸ್ಟ್‌ಗ್ರಾಜುಯೇಟ್ ಪ್ರತಿನಿಧಿ, ಯಾರೋ ಬಿಟ್ಟುಹೋದ ಸ್ಥಾನ, ಇಂಥವಕ್ಕೆ. ನಿಮ್ಮ ಅವಕಾಶ ಅದೇ. ಅದೂ ಇಲ್ಲದಿದ್ದರೆ ಪ್ರೆಸಿಡೆಂಟ್‌ಗೆ ಒಂದು ಮೇಲ್ ಹಾಕಿ: ನಾನು ಪೋಸ್ಟ್‌ಗ್ರಾಜುಯೇಟ್, ನಮ್ಮ ಬ್ಯಾಚಿನಲ್ಲಿ ಇಷ್ಟು ಜನ ಭಾರತದಿಂದ ಬಂದಿದ್ದೇವೆ, ಅವರನ್ನು ಕಾರ್ಯಕ್ರಮಗಳಿಗೆ ಕರೆತರುವ ಕೆಲಸ ನಾನು ಮಾಡುತ್ತೇನೆ. ಕೆಲಸ ಮಾಡುತ್ತೇನೆ ಎಂದು ಬಂದವರನ್ನು ಬೇಡ ಎನ್ನುವ ಕಮಿಟಿ ನಾನು ಕಂಡಿಲ್ಲ.

ಚುನಾವಣೆಯ ಬ್ಯಾಲೆಟ್‌ನಲ್ಲಿ ನಿಮ್ಮ ಹೆಸರಿನ ಕೆಳಗೆ 'ರಾನ್' ಎಂಬ ಹೆಸರು ಇರುತ್ತದೆ. ಯಾರೋ ಇಂಗ್ಲಿಷ್ ಹುಡುಗ ಎಲ್ಲ ಸೊಸೈಟಿಗೂ ನಿಂತಿದ್ದಾನೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಅದು ಮನುಷ್ಯನಲ್ಲ. 'ಇವರು ಯಾರೂ ಬೇಡ, ಮತ್ತೆ ನಾಮಪತ್ರ ಕರೆಯಿರಿ' ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ನಮ್ಮ ನೋಟಾ ಇದೆಯಲ್ಲ, ಅದರ ತರಹ, ಆದರೆ ಇದು ನಿಜವಾಗಿಯೂ ಗೆಲ್ಲುತ್ತದೆ. ಒಬ್ಬರೇ ನಿಂತಿದ್ದೇನೆ ಎಂದು ನಿಶ್ಚಿಂತೆಯಿಂದ ಇರಬೇಡಿ.

ನಿಲ್ಲುವ ಮೊದಲು ಹಳೆಯ ಪೋಸ್ಟ್‌ಗಳನ್ನು ಒಮ್ಮೆ ತಿರುವಿ ಹಾಕಿ. ಸೊಸೈಟಿ ಮಟ್ಟದಲ್ಲಿ ಯಾರೂ ಅಷ್ಟು ನೋಡುವುದಿಲ್ಲ, ಯೂನಿಯನ್ ಮಟ್ಟದಲ್ಲಿ ನೋಡುತ್ತಾರೆ. 2021ರ ಫೆಬ್ರವರಿಯಲ್ಲಿ ಉಡುಪಿ ಕಡೆಯ ರಶ್ಮಿ ಸಾಮಂತ್ ಆಕ್ಸ್‌ಫರ್ಡ್ ವಿದ್ಯಾರ್ಥಿ ಯೂನಿಯನ್ನಿನ ಅಧ್ಯಕ್ಷೆಯಾಗಿ ಆಯ್ಕೆಯಾದರು. ಹಳೆಯ ಪೋಸ್ಟ್‌ಗಳು ವಿವಾದವಾಗಿ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಹಿಂದೂ ಎಂಬ ಕಾರಣಕ್ಕೆ ಗುರಿ ಮಾಡಿದರು ಎಂಬ ದೂರೂ ಎದ್ದಿತು, ರಾಜ್ಯಸಭೆಯವರೆಗೂ ವಿಷಯ ಹೋಯಿತು. ಯಾರ ಪರವಾಗಿ ಯೋಚಿಸಿದರೂ ಒಂದು ಮಾತಂತೂ ನಿಜ: ಹದಿನೆಂಟನೇ ವಯಸ್ಸಿನಲ್ಲಿ ಸ್ನೇಹಿತರ ಮಧ್ಯೆ ಮಾಡಿದ ಜೋಕು ಬೇರೆ ದೇಶದಲ್ಲಿ ಬೇರೆ ಅರ್ಥ ಪಡೆಯುತ್ತದೆ.

ವೀಸಾದ ವಿಷಯ. ಕಮಿಟಿ ಕೆಲಸ ಸಂಬಳವಿಲ್ಲದ ಸ್ವಯಂಸೇವೆ, ಅದರಿಂದ ತೊಂದರೆಯಿಲ್ಲ. ಆದರೆ ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗ ಮಾಡುವಂತಿಲ್ಲ. ನಿಮಗೆ ಮಂತ್ರ ಬರುತ್ತದೆ, ಯಾರೋ ಮನೆಗೆ ಸತ್ಯನಾರಾಯಣ ಪೂಜೆಗೆ ಕರೆದು 50 ಪೌಂಡ್ ದಕ್ಷಿಣೆ ಕೊಡುತ್ತೇವೆ ಅಂದರೆ ಎರಡು ಸಲ ಯೋಚಿಸಿ. ಮನೆಯಲ್ಲಿ ಚಕ್ಕುಲಿ ಮಾಡಿ ಮಾರುವುದೂ, ದುಡ್ಡಿಗೆ ಡಿಜೆ ಆಗುವುದೂ ಇದೇ ಲೆಕ್ಕಕ್ಕೆ ಬರುತ್ತವೆ. ಅನುಮಾನ ಬಂದರೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ, ಸೀನಿಯರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಅಲ್ಲ.

ಪಂಚಾಂಗ ಮತ್ತು ಅವರ ಕ್ಯಾಲೆಂಡರ್

ನಮ್ಮ ಹಬ್ಬಗಳಿಗೂ ಅವರ ಟರ್ಮ್‌ಗೂ ಸರಿಯಾಗಿ ಹೊಂದುವುದು ಎರಡೇ, ನವರಾತ್ರಿ ಮತ್ತು ದೀಪಾವಳಿ. ಗೌರಿ ಗಣೇಶ ಬರುವಾಗ ಕ್ಯಾಂಪಸ್ ಖಾಲಿ. ಡಿಗ್ರಿ ಹುಡುಗರು ಮನೆಗಳಲ್ಲಿ ಇರುತ್ತಾರೆ, ಮಾಸ್ಟರ್ಸ್‌ನವರು ಡಿಸರ್ಟೇಶನ್ ಮುಗಿಸುವ ಕೊನೆಯ ಓಟದಲ್ಲಿ ಇರುತ್ತಾರೆ. ಸಂಕ್ರಾಂತಿ ಬಂದರೆ ಜನವರಿ ಪರೀಕ್ಷೆ. ಯುಗಾದಿ ಬಂದರೆ ಈಸ್ಟರ್ ರಜೆ ಅಥವಾ ಅದರ ಹಿಂದು ಮುಂದು.

ನವರಾತ್ರಿಯೂ ಪ್ರತಿವರ್ಷ ಒಂದೇ ತರಹ ಅಲ್ಲ. 2025ರಲ್ಲಿ ಅದು ಸೆಪ್ಟೆಂಬರ್ 22ಕ್ಕೇ ಶುರುವಾಯಿತು, ಎಷ್ಟೋ ಕಡೆ ಹೊಸಬರು ಇನ್ನೂ ರೂಮಿನ ಕೀ ಇಸಿದುಕೊಳ್ಳುತ್ತಿದ್ದ ವಾರ. 2026ರಲ್ಲಿ ಅಧಿಕ ಮಾಸ ಇರುವುದರಿಂದ ಅಕ್ಟೋಬರ್ 11ಕ್ಕೆ ಹೋಗಿದೆ. ಹಾಲ್ ಬುಕ್ ಮಾಡುವ ಕೆಲಸ ಬೇಸಿಗೆಯಲ್ಲೇ ಆಗಬೇಕು, ಅಂದರೆ ಹಿಂದಿನ ಕಮಿಟಿ ಮಾಡಿರಬೇಕು. ಕಮಿಟಿಯಲ್ಲಿ ಪಂಚಾಂಗ ನೋಡಲು ಬರುವವರು ಒಬ್ಬರಾದರೂ ಇರಲಿ. ಆ ಒಬ್ಬರು ನೀವೇ ಆದರೆ ನಿಮ್ಮ ಬೆಲೆ ತಾನಾಗಿ ಏರುತ್ತದೆ.

ಸಂಕ್ರಾಂತಿಗೆ ನಾವು ಕಂಡುಕೊಂಡ ಉಪಾಯ ಹೇಳುತ್ತೇನೆ. ಕಾರ್ಯಕ್ರಮವೇ ಇಟ್ಟುಕೊಳ್ಳಲಿಲ್ಲ. ಎಳ್ಳು ಬೆಲ್ಲದ ಚಿಕ್ಕ ಪೊಟ್ಟಣ ಕಟ್ಟಿ ಲೈಬ್ರರಿಯ ಹೊರಗೆ ನಿಂತು ಹಂಚಿದೆವು. ಪರೀಕ್ಷೆಗೆ ಓದಿ ಕಣ್ಣು ಕೆಂಪಾದವರು ಬಂದು ತೆಗೆದುಕೊಂಡು ಹೋದರು. ಎಳ್ಳು ತಿಂದು ಒಳ್ಳೆ ಮಾತಾಡು ಎನ್ನುವುದನ್ನು ಇಂಗ್ಲಿಷಿಗೆ ತಿರುಗಿಸಿ ಚೀಟಿಯಲ್ಲಿ ಬರೆದಿದ್ದೆವು. ಅದೇನು ಚೆನ್ನಾಗಿ ಬರಲಿಲ್ಲ, ಪರವಾಗಿಲ್ಲ.

ಆಯುಧ ಪೂಜೆ ಇನ್ನೊಂದು. ಅಲ್ಲಿ ಹುಟ್ಟಿದ ಹುಡುಗರಿಗೆ ನವರಾತ್ರಿ ಅಂದರೆ ಗರ್ಬಾ, ಒಂಬತ್ತನೇ ದಿನ ಗಾಡಿಗೆ ನಿಂಬೆಹಣ್ಣು ಇಡುವುದು ಗೊತ್ತಿಲ್ಲ. ಲ್ಯಾಪ್‌ಟಾಪ್, ಸೈಕಲ್, ಲ್ಯಾಬಿನ ಕ್ಯಾಲ್ಕುಲೇಟರ್ ತನ್ನಿ ಎಂದು ಕರೆದೆವು. ಎಂಜಿನಿಯರಿಂಗ್‌ನವರು ಕುಣಿದುಕೊಂಡು ಬಂದರು. ಕುಂಕುಮ ಮಾತ್ರ ಯೂನಿಯನ್ ರೂಮಿನ ಕಾರ್ಪೆಟ್ ಮೇಲೆ ಚೆಲ್ಲಿತು, ತೊಳೆಸಿದ ಖರ್ಚು ನಮ್ಮ ಲೆಕ್ಕಕ್ಕೆ ಬಿತ್ತು. ಕೆಳಗೆ ಹಳೆ ಬೆಡ್‌ಶೀಟ್ ಹಾಸಿ. ಅರಿಶಿನದ ಕಲೆಯಂತೂ ಹೋಗುವುದೇ ಇಲ್ಲ.

ಬೆಂಕಿ

ಇದನ್ನು ಓದದೆ ಮುಂದೆ ಹೋಗಬೇಡಿ.

ಹಾಸ್ಟೆಲ್ ರೂಮುಗಳಲ್ಲಿ ದೀಪ, ಊದುಬತ್ತಿ, ಕರ್ಪೂರ ಯಾವುದನ್ನೂ ಹಚ್ಚುವಂತಿಲ್ಲ. ಹೊಗೆ ಕಂಡುಹಿಡಿಯುವ ಯಂತ್ರ ತಲೆಯ ಮೇಲೇ ಇರುತ್ತದೆ. ನನಗೆ ಗೊತ್ತಿತ್ತು. ಆದರೂ ಅಲ್ಲಿ ಹೋದ ಮೊದಲ ಶುಕ್ರವಾರ ಅಮ್ಮ ವೀಡಿಯೊ ಕಾಲ್‌ನಲ್ಲಿ "ಒಂದೇ ಒಂದು ಬಿಲ್ಲೆ ಹಚ್ಚೋ, ಏನಾಗಲ್ಲ" ಅಂದರು. ಕಿಟಕಿ ತೆಗೆದು, ಸ್ಟೀಲ್ ಚಮಚದಲ್ಲಿ ಒಂದೇ ಬಿಲ್ಲೆ ಹಚ್ಚಿದೆ. ಕರ್ಪೂರದ ಕಪ್ಪು ಹೊಗೆ ನೇರ ಮೇಲಕ್ಕೆ ಹೋಯಿತು. ಮೂವತ್ತು ಸೆಕೆಂಡೂ ಆಗಿರಲಿಲ್ಲ, ಇಡೀ ಕಟ್ಟಡದಲ್ಲಿ ಅಲಾರಂ. ನೂರೈವತ್ತು ಜನ ರಾತ್ರಿ ಎಂಟು ಗಂಟೆಗೆ ಮಳೆಯಲ್ಲಿ ಹೊರಗೆ ನಿಂತರು, ಒಬ್ಬಳು ತಲೆಗೆ ಶಾಂಪೂ ಹಾಕಿಕೊಂಡು ಟವೆಲ್ ಸುತ್ತಿ ಬಂದಿದ್ದಳು. ನನ್ನ ಕೈಯಲ್ಲಿ ಇನ್ನೂ ಆ ಚಮಚ ಇತ್ತು. ಕಾಲ್ ಕಟ್ ಆಗಿರಲಿಲ್ಲ, ಜೇಬಿನಿಂದ ಅಮ್ಮನ ದನಿ ಬರುತ್ತಿತ್ತು: "ಘಂಟೆ ಯಾರು ಹೊಡೀತಿದ್ದಾರೋ?"

ದಂಡ ಕಟ್ಟಿದೆ. ಎಷ್ಟು ಎಂದು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಸೊಸೈಟಿ ಕಾರ್ಯಕ್ರಮಕ್ಕೆ ದಾರಿ ಹೀಗಿದೆ. ರೂಮ್ ಬುಕ್ ಮಾಡುವಾಗ ರಿಸ್ಕ್ ಅಸೆಸ್‌ಮೆಂಟ್ ಎಂಬ ಫಾರಂ ಕೊಡುತ್ತಾರೆ. ಏನು ಅಪಾಯ ಆಗಬಹುದು, ಅದಕ್ಕೆ ಏನು ಮಾಡಿದ್ದೀರಿ ಎಂದು ಸಾಲು ಸಾಲಾಗಿ ಬರೆಯಬೇಕು. ಆರತಿಗೆ ಬೆಂಕಿ ಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ, ಮುಚ್ಚಿಡಬೇಡಿ. ಕೆಲವು ಕಡೆ ಆ ರೂಮಿನ ಅಲಾರಂ ಅಷ್ಟು ಹೊತ್ತು ನಿಲ್ಲಿಸಿ ಒಬ್ಬ ಸಿಬ್ಬಂದಿಯನ್ನು ನಿಲ್ಲಿಸುತ್ತಾರೆ. ಕೆಲವು ಕಡೆ ಹೊರಗಿನ ಅಂಗಳದಲ್ಲಿ ಮಾಡಿ ಅನ್ನುತ್ತಾರೆ. ಕೆಲವು ಕಡೆ ಬ್ಯಾಟರಿ ದೀಪ ಅಷ್ಟೇ. ಮೂರು ವಾರ ಮೊದಲೇ ಕೇಳಿದರೆ ಮೊದಲೆರಡರಲ್ಲಿ ಒಂದು ಸಿಗುತ್ತದೆ, ಮೂರು ದಿನ ಮೊದಲು ಕೇಳಿದರೆ ಮೂರನೆಯದೇ ಗತಿ.

ಪಟಾಕಿಗೆ ಬ್ರಿಟನ್ನಿನ ಕಾನೂನು ಒಂದು ಕೃಪೆ ತೋರಿಸಿದೆ. ಸಾಮಾನ್ಯವಾಗಿ ರಾತ್ರಿ 11ರ ಮೇಲೆ ಹೊಡೆಯುವಂತಿಲ್ಲ, ದೀಪಾವಳಿಯ ರಾತ್ರಿ 1 ಗಂಟೆಯವರೆಗೆ ಹೊಡೆಯಬಹುದು. ಆದರೆ ರಸ್ತೆಯಲ್ಲಿ, ಸಾರ್ವಜನಿಕ ಜಾಗದಲ್ಲಿ ಹೊಡೆಯುವಂತಿಲ್ಲ, ಕ್ಯಾಂಪಸ್ಸಿನಲ್ಲಿ ಹೊಡೆಯಲು ಯಾರೂ ಒಪ್ಪುವುದಿಲ್ಲ. ಸುರುಸುರುಬತ್ತಿ, ಒಂದು ಬಕೆಟ್ ನೀರು, ಅಷ್ಟರಲ್ಲೇ ತೃಪ್ತಿ ಪಡಿ.

ಊಟ

ಜನ ಬರುವುದು ಇದಕ್ಕೇ, ನಾಚಿಕೆ ಏನೂ ಬೇಡ.

ಸೊಸೈಟಿ ಊಟ ಸಾಮಾನ್ಯವಾಗಿ ಸಸ್ಯಾಹಾರ. ಮನೆಯಲ್ಲಿ ನೀವು ಕೋಳಿ ಸಾರು ತಿನ್ನುತ್ತೀರಾ ಎಂದು ಯಾರೂ ಕೇಳುವುದಿಲ್ಲ. ಸ್ವಾಮಿನಾರಾಯಣ ಸಂಪ್ರದಾಯದವರು ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ, ಜೈನ ಸ್ನೇಹಿತರು ಆಲೂಗಡ್ಡೆಯನ್ನೂ ಬಿಡುತ್ತಾರೆ. ಒಂದು ಐಟಂ ಆದರೂ ಇವೆಲ್ಲ ಇಲ್ಲದೆ ಇರಲಿ. ಅಂಗಡಿಯಿಂದ ತರುವ ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ, ಕೇಕಿನಲ್ಲಿ ಮೊಟ್ಟೆ ಇರುತ್ತದೆ, ಕೆಲವು ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ. ಪ್ಯಾಕೆಟ್ ತಿರುಗಿಸಿ ಓದಿ.

ನೀವೇ ಅಡುಗೆ ಮಾಡಿ ಬಡಿಸುವುದಾದರೆ ಯೂನಿಯನ್ನಿನವರು ಫುಡ್ ಹೈಜೀನ್ ಸರ್ಟಿಫಿಕೇಟ್ ಕೇಳಬಹುದು. ಆನ್‌ಲೈನ್‌ನಲ್ಲಿ ಕೆಲವು ಗಂಟೆಯ ಕೋರ್ಸ್, ಕಷ್ಟವಿಲ್ಲ. ಕಷ್ಟ ಇರುವುದು ಅಲರ್ಜಿ ಪಟ್ಟಿಯಲ್ಲಿ. ಬ್ರಿಟನ್ನಿನಲ್ಲಿ 14 ಪದಾರ್ಥಗಳನ್ನು ಅಲರ್ಜಿಯ ವಸ್ತುಗಳೆಂದು ಗುರುತಿಸಿದ್ದಾರೆ, ಅಡುಗೆಯಲ್ಲಿ ಅವು ಇದ್ದರೆ ಹೇಳಲೇಬೇಕು. ನಾನು ಪುಳಿಯೋಗರೆ ಮಾಡುತ್ತೇನೆ, ಅದರಲ್ಲಿ ಹಾಲಿಲ್ಲ ಮೊಟ್ಟೆಯಿಲ್ಲ, ಅಲರ್ಜಿ ಏನೂ ಇಲ್ಲ ಎಂದು ಫಾರಂನಲ್ಲಿ ಬರೆದೆ. ಯೂನಿಯನ್ ಕಿಚನ್ ನೋಡಿಕೊಳ್ಳುವಾಕೆ ಬಂದು ಕೂತರು, ಒಂದೊಂದೇ ಡಬ್ಬ ತೆಗೆದು ಕೇಳಿದರು. ಇದೇನು? ಕಡಲೆಕಾಯಿ. ಇದು ಪಟ್ಟಿಯಲ್ಲಿದೆ. ಇದು? ಎಳ್ಳು. ಇದೂ ಇದೆ. ಈ ಕಪ್ಪು ಕಾಳು? ಸಾಸಿವೆ, ಒಗ್ಗರಣೆಗೆ ಅಂದೆ. ಸಾಸಿವೆಯೂ ಇದೆ! ಇನ್ನೇನು ಮುಗಿಯಿತು ಅಂದುಕೊಂಡಾಗ ಇಂಗಿನ ಹಳದಿ ಡಬ್ಬಿ ಎತ್ತಿ, ಕನ್ನಡಕ ಮೇಲೆ ಮಾಡಿ, ಹಿಂದಿನ ಸಣ್ಣ ಅಕ್ಷರ ಓದಿದರು. ಗೋಧಿ ಹಿಟ್ಟು. ನನ್ನ ಜೀವಮಾನದಲ್ಲಿ ಇಂಗಿನಲ್ಲಿ ಗೋಧಿ ಇದೆ ಎಂದು ನನಗೆ ಗೊತ್ತಿರಲಿಲ್ಲ. ಒಂದು ಬಾಂಡ್ಲಿ ಪುಳಿಯೋಗರೆಗೆ ನಾಲ್ಕು ಅಲರ್ಜಿ.

ಆದ್ದರಿಂದ ಒಗ್ಗರಣೆ ಬೀಳುವ ಯಾವ ಅಡುಗೆಗೂ ಸಾಸಿವೆ ಎಂದು ಚೀಟಿ ಅಂಟಿಸಿ. ಗ್ಲೂಟನ್ ಆಗದವರಿಗೆ ಅಕ್ಕಿ ಹಿಟ್ಟು ಬೆರೆಸಿದ ಇಂಗು ಸಿಗುತ್ತದೆ, ಅದನ್ನೇ ತನ್ನಿ. ಎಳ್ಳು ಬೆಲ್ಲದ ಪೊಟ್ಟಣದ ಮೇಲೆ ಎಳ್ಳು, ಕಡಲೆಕಾಯಿ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಕೊಬ್ಬರಿ ಆ 14ರಲ್ಲಿ ಇಲ್ಲ, ಆದರೂ ಬರೆಯುವುದು ಒಳ್ಳೆಯದು. ಕಡಲೆಕಾಯಿ ಅಲರ್ಜಿಯಿಂದ ಜೀವ ಹೋಗಬಹುದು, ಇದನ್ನು ಫ್ಯಾಶನ್ ಎಂದು ನಗಬೇಡಿ.

ಅನ್ನದ ಬಗ್ಗೆ ಅವರಿಗೆ ನಮಗಿಂತ ಭಯ ಜಾಸ್ತಿ. ಬಿಸಿ ಊಟವನ್ನು 63 ಡಿಗ್ರಿಗಿಂತ ಮೇಲೆ ಇಟ್ಟಿರಬೇಕು, ಅದಕ್ಕಿಂತ ಆರಿದರೆ ಎರಡು ಗಂಟೆಯೊಳಗೆ ಬಡಿಸಿ ಮುಗಿಸಬೇಕು. ಬೆಳಗ್ಗೆ ಮಾಡಿದ ಚಿತ್ರಾನ್ನವನ್ನು ಸಂಜೆ ಬಡಿಸುವ ಯೋಚನೆ ಬಿಟ್ಟುಬಿಡಿ. ಇವೆಲ್ಲ ತಲೆನೋವು ಅನ್ನಿಸಿದರೆ ಹತ್ತಿರದ ದೇವಸ್ಥಾನದ ಅಡುಗೆಮನೆಯವರನ್ನು ಕೇಳಿ, ಎಷ್ಟೋ ಕಡೆ ಕಡಿಮೆ ದರಕ್ಕೆ ಮಾಡಿಕೊಡುತ್ತಾರೆ. "ಜೈ ಶ್ರೀ ಕೃಷ್ಣ ಮಾಸಿ" (ಮಾಸಿ ಅಂದರೆ ಗುಜರಾತಿಯಲ್ಲಿ ಚಿಕ್ಕಮ್ಮ) ಎಂದು ಶುರು ಮಾಡಿ, ದರ ಇನ್ನಷ್ಟು ಇಳಿಯುತ್ತದೆ. ಬರ್ಮಿಂಗ್‌ಹ್ಯಾಂ ಸುತ್ತ ಇರುವವರಿಗೆ ಟಿವಿಡೇಲ್‌ನ ಬಾಲಾಜಿ ದೇವಸ್ಥಾನ ಇದೆ, ಅಲ್ಲಿನ ಗೋಪುರ ನೋಡಿದರೆ ಒಂದು ಕ್ಷಣ ಊರಿಗೆ ಹೋದ ಹಾಗಾಗುತ್ತದೆ.

ದುಡ್ಡು, ಭಾಷಣಕಾರರು, ವಾಟ್ಸಾಪ್

ಸೊಸೈಟಿ ದುಡ್ಡು ಯಾವತ್ತೂ ನಿಮ್ಮ ಖಾತೆಗೆ ಬರಬಾರದು. ಟಿಕೆಟ್ ಯೂನಿಯನ್ ವೆಬ್‌ಸೈಟಿನಲ್ಲೇ ಮಾರಿ. ಕೈಯಿಂದ ಹಾಕಿದ ಖರ್ಚಿಗೆ ಬಿಲ್ ಇಲ್ಲದಿದ್ದರೆ ವಾಪಸ್ ಸಿಗುವುದಿಲ್ಲ. ಇಂಡಿಯನ್ ಅಂಗಡಿಯ ಬಿಲ್ಲಿನ ಇಂಕು ವಾರದಲ್ಲಿ ಮಾಸಿಹೋಗುತ್ತದೆ, ಅಂಗಡಿಯಲ್ಲೇ ಫೋಟೊ ತೆಗೆದುಕೊಳ್ಳಿ. ನನ್ನ 40 ಪೌಂಡ್ ಹಾಗೆ ಹೋಯಿತು.

ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಸೊಸೈಟಿಯಿಂದ ಚಂದಾ ಎತ್ತೋಣ ಎಂಬ ಉತ್ಸಾಹ ಯಾರಿಗಾದರೂ ಬರುತ್ತದೆ. ಯೂನಿಯನ್‌ಗಳು ಚಾರಿಟಿ ಕಾನೂನಿನ ಕೆಳಗೆ ನಡೆಯುತ್ತವೆ, ದುಡ್ಡು ಎಲ್ಲಿಗೆ ಬೇಕಾದರೂ ಹೋಗುವಂತಿಲ್ಲ. ಮೊದಲು ಕೇಳಿ.

ಹೊರಗಿನ ಭಾಷಣಕಾರರನ್ನು ಕರೆಯಲು ಬೇರೆ ಫಾರಂ ಇದೆ, ಅದಕ್ಕೂ ಕೆಲವು ವಾರ ಬೇಕು. ಸ್ವಾಮೀಜಿಯಾಗಲಿ, ಪ್ರೊಫೆಸರ್ ಆಗಲಿ ಒಂದೇ ನಿಯಮ. ಇದು ಹಿಂದೂಗಳಿಗೆ ಮಾತ್ರ ಮಾಡಿದ ಕಿರುಕುಳ ಎಂದು ಗ್ರೂಪಿನಲ್ಲಿ ಕೂಗಾಡುವ ಮೊದಲು ಪಕ್ಕದ ಚೆಸ್ ಕ್ಲಬ್‌ನವರನ್ನು ಕೇಳಿ ನೋಡಿ, ಅವರೂ ಅದೇ ಫಾರಂ ತುಂಬಿರುತ್ತಾರೆ. ನಿಜವಾಗಿ ಧರ್ಮದ ಹೆಸರಲ್ಲಿ ಅವಮಾನ ಆದರೆ ಅದು ಬೇರೆ ಮಾತು. 2010ರ ಈಕ್ವಾಲಿಟಿ ಆ್ಯಕ್ಟ್ ಧರ್ಮಕ್ಕೂ ರಕ್ಷಣೆ ಕೊಡುತ್ತದೆ. ದಿನಾಂಕ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ವಿಶ್ವವಿದ್ಯಾಲಯಕ್ಕೆ ಲಿಖಿತ ದೂರು ಕೊಡಿ. ಅದೇ ಕಾನೂನು ಇನ್ನೊಬ್ಬರಿಗೂ ಅನ್ವಯಿಸುತ್ತದೆ. ನಿಮ್ಮ ಸೊಸೈಟಿಗೆ ಬೇರೆ ಧರ್ಮದವರು ಸೇರಲು ಬಂದರೆ ಬೇಡ ಅನ್ನಬೇಡಿ. ನಮ್ಮಲ್ಲಿ ಹೋಳಿ ಹಬ್ಬಕ್ಕೆ ಬಂದವರಲ್ಲಿ ಅರ್ಧಕ್ಕರ್ಧ ಹಿಂದೂಗಳಲ್ಲ.

ವಾಟ್ಸಾಪ್ ಗ್ರೂಪಿಗೆ ಇಬ್ಬರು ಅಡ್ಮಿನ್ ಇರಲಿ, ಅವರಿಗೆ ಅಳಿಸುವ ಧೈರ್ಯ ಇರಲಿ. 2022ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಲೆಸ್ಟರ್‌ನಲ್ಲಿ ಹಿಂದೂ ಮುಸ್ಲಿಂ ಯುವಕರ ನಡುವೆ ಗಲಾಟೆಯಾದಾಗ ಸುಳ್ಳು ಸುದ್ದಿಗಳು ಫೋನಿಂದ ಫೋನಿಗೆ ಹಾರಿದವು. ಭಾರತ ಪಾಕಿಸ್ತಾನ ಕ್ರಿಕೆಟ್ ಮ್ಯಾಚಿನ ರಾತ್ರಿ ಗ್ರೂಪಿಗೆ ಬೀಗ ಹಾಕುವುದು ಕೆಟ್ಟ ಅಭ್ಯಾಸವೇನಲ್ಲ.

ಸೊಸೈಟಿಯೇ ಇಲ್ಲದಿದ್ದರೆ

ಹೊಸದು ಶುರು ಮಾಡಬಹುದು. ಇಷ್ಟು ಜನ ಸದಸ್ಯರ ಸಹಿ, ಒಂದು ನಿಯಮಾವಳಿ, ಪ್ರೆಸಿಡೆಂಟ್, ಸೆಕ್ರೆಟರಿ, ಟ್ರೆಷರರ್ ಎಂಬ ಮೂರು ಹೆಸರು ಕೇಳುತ್ತಾರೆ. ಮೂವರಲ್ಲಿ ಒಬ್ಬರಾದರೂ ಡಿಗ್ರಿಯ ಮೊದಲ ವರ್ಷದವರು ಇರಲಿ. ಇಲ್ಲದಿದ್ದರೆ ನೀವು ಹೋದ ಮರುದಿನ ಸೊಸೈಟಿಯೂ ಹೋಗುತ್ತದೆ. ಅದಕ್ಕೂ ಜನ ಸಾಲದಿದ್ದರೆ ವಿಶ್ವವಿದ್ಯಾಲಯದ ಚಾಪ್ಲಿನ್ಸಿಗೆ, ಅಂದರೆ ವಿದ್ಯಾರ್ಥಿಗಳ ಧಾರ್ಮಿಕ ಬೇಕುಬೇಡ ನೋಡಿಕೊಳ್ಳುವ ಕಚೇರಿಗೆ ಹೋಗಿ. ಹೆಸರು ಕ್ರೈಸ್ತರದ್ದು, ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಬ್ರಿಟನ್ನಿನಲ್ಲಿ ಹಿಂದೂ ಚಾಪ್ಲಿನ್ ಇದ್ದರೆ ಬಹುಪಾಲು ವಾರಕ್ಕೆ ಒಂದೆರಡು ಗಂಟೆ ಬರುವ ಸ್ವಯಂಸೇವಕರು. ಅಮೆರಿಕದಲ್ಲಿ ಪ್ರಿನ್ಸ್‌ಟನ್ 2008ರಲ್ಲೇ, ಜಾರ್ಜ್‌ಟೌನ್ 2016ರಲ್ಲಿ ಈ ಕೆಲಸಕ್ಕೆ ಜನರನ್ನು ನೇಮಿಸಿಕೊಂಡವು. ಎಲ್ಲ ಧರ್ಮದವರಿಗೂ ಒಂದೇ ಪ್ರಾರ್ಥನಾ ಕೋಣೆ ಇರುವಲ್ಲಿ ಪೂಜೆ ಮುಗಿದ ಮೇಲೆ ಫೋಟೊ, ಹೂವು, ಅಕ್ಷತೆ ಎಲ್ಲ ಎತ್ತಿಡಿ. ಮುಂದಿನ ಅರ್ಧ ಗಂಟೆ ಇನ್ಯಾರದೋ.

ಹೊರಡುವ ಮೊದಲು

ಈ ಕೆಲಸ ಯಾರೂ ಮಾಡುವುದಿಲ್ಲ, ಅದಕ್ಕೇ ಪ್ರತಿವರ್ಷ ಸೊಸೈಟಿ ಸೊನ್ನೆಯಿಂದ ಶುರುವಾಗುತ್ತದೆ. ಒಂದು ಗೂಗಲ್ ಡಾಕ್ ಮಾಡಿ. ಯಾವ ಹಾಲ್‌ಗೆ ಎಷ್ಟು ಬಾಡಿಗೆ, ಆರತಿಗೆ ಅನುಮತಿ ಕೊಟ್ಟ ಕಚೇರಿ ಯಾವುದು, ಇಂಗು ಯಾವುದು ತರಬೇಕು, ಗಣೇಶ ಹಬ್ಬದ ದಿನ ಕ್ಯಾಂಪಸ್ಸಿನಲ್ಲಿ ಉಳಿಯುವವರು ಯಾರು. ನಾವು ಆ ವರ್ಷ ಉಳಿದ ಏಳು ಜನ ಸೇರಿ ಜೇಡಿಮಣ್ಣಿನಲ್ಲಿ ಅಂಗೈಯಷ್ಟು ಗಣಪತಿ ಮಾಡಿ, ಶೇರ್ಡ್ ಕಿಚನ್‌ನಲ್ಲಿ ಕೂರಿಸಿ, ನೆಲ ಒರೆಸುವ ಬಕೆಟ್ಟನ್ನು ಮೂರು ಸಲ ತೊಳೆದು ಅದರಲ್ಲೇ ವಿಸರ್ಜನೆ ಮಾಡಿದೆವು. ಹೊಸ ಬಕೆಟ್ಟು ಎರಡು ಪೌಂಡ್‌ಗೆ ಸಿಗುತ್ತದೆ ಎಂಬುದನ್ನೂ ಡಾಕ್‌ನಲ್ಲಿ ಬರೆದಿದ್ದೇನೆ.

ಕೋಲು, ದೀಪದ ಕಂಬ, ಹಳೆ ಬೆಡ್‌ಶೀಟ್ ಎಲ್ಲ ಯೂನಿಯನ್ನಿನ ಲಾಕರ್‌ನಲ್ಲಿ ಇಟ್ಟು, ಕೀಯನ್ನು ಮುಂದಿನ ಸೆಕ್ರೆಟರಿ ಕೈಗೆ ಕೊಡಬೇಡಿ. ಅವರೂ ಬೇಸಿಗೆಯಲ್ಲಿ ಮನೆಗೆ ಹೋಗಿ ಕಳೆದುಕೊಳ್ಳುತ್ತಾರೆ. ರಿಸೆಪ್ಷನ್‌ನಲ್ಲಿ ಕೊಟ್ಟು ಸಹಿ ಹಾಕಿಸಿಕೊಳ್ಳಿ, ಆ ಚೀಟಿಯ ಫೋಟೊ ಡಾಕ್‌ನ ಮೊದಲ ಪುಟದಲ್ಲೇ ಹಾಕಿ.